ಅಕ್ಕನ ‘ಅಡ್ಡಿಲ್ಲೆ’

ಗಡಿಯ ಫಲಕ

ನನಗೆ ತಿದ್ದುವ ಚಟವಿದೆ. ಮದುವೆಯ ಕರೆಯೋಲೆ ಬಂದರೆ ಮುಹೂರ್ತ ನೋಡುವ ಮೊದಲು ಕಾಗುಣಿತ ನೋಡುತ್ತೇನೆ. ಹೊನ್ನಾವರದ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಕನ್ನಡ ಕಲಿಸಿದ ಮೇಲೆ ಕೆಂಪು ಪೆನ್ನು ಕೈಗೇ ಅಂಟಿಕೊಂಡುಬಿಟ್ಟಿದೆ. ಹಾಗಾಗಿ ವೇಲ್ಸ್ ದೇಶದ ಗಡಿ ದಾಟುವಾಗ ರಸ್ತೆ ಬದಿಯ ಸ್ವಾಗತ ಫಲಕದಲ್ಲೇ ತಪ್ಪು ಕಂಡಾಗ ನನಗೆ ಒಂದು ಬಗೆಯ ಸಮಾಧಾನವೇ ಆಯಿತು. ಅಲ್ಲಿಯವರು ತಮ್ಮ ನಾಡನ್ನು ‘ಕಮ್ರಿ’ ಎನ್ನುತ್ತಾರೆಂದು ಓದಿಕೊಂಡು ಹೋಗಿದ್ದೆ. ಫಲಕದಲ್ಲಿ ‘ಗಮ್ರಿ’ ಎಂದಿತ್ತು.

“ನೋಡು ನೌಶೀನ್, ಸ್ವಂತ ದೇಶದ ಹೆಸರನ್ನೇ ತಪ್ಪು ಬರೆದುಕೊಂಡಿದ್ದಾರೆ.”

“ಎಂತ ಸರ್ ನೀವು! ಇನ್ನೂ ಊರು ಮುಟ್ಟಲಿಲ್ಲ, ಆಗ್ಲೇ ಪೇಪರ್ ತಿದ್ದುಕೆ ಶುರು ಮಾಡಿದ್ರಾ?”

ನೌಶೀನ್ ಭಟ್ಕಳದವಳು, ನನ್ನ ಹಳೆಯ ವಿದ್ಯಾರ್ಥಿನಿ. ಮನೆಮಾತು ನವಾಯತಿ. ಕಂಪ್ಯೂಟರಿಗೆ ಮಾತಾಡಲು ಕಲಿಸುವುದು ಅವಳ ಕೆಲಸ. ಅಜ್ಜಿಯ ನವಾಯತಿಯನ್ನು ಯಂತ್ರದ ಬಾಯಲ್ಲಿ ಒಂದು ದಿನ ಕೇಳಬೇಕು ಎನ್ನುವುದು ಅವಳ ಹಟ. ವೇಲ್ಸ್‌ನವರು ಚಿಕ್ಕ ಭಾಷೆಯವರು. ಪಕ್ಕದಲ್ಲೇ ಇಂಗ್ಲಿಷ್ ಎಂಬ ಸಮುದ್ರವಿದ್ದರೂ ತಮ್ಮ ಮಾತಿಗೆ ಯಂತ್ರದ ದನಿ ಕಟ್ಟಿಕೊಂಡಿದ್ದಾರೆ. ಅಂಥದೇ ಚಿಕ್ಕ ಭಾಷೆಗಳವರಿಗಾಗಿ ಅವರು ಏರ್ಪಡಿಸಿದ್ದ ಹತ್ತು ದಿನದ ಕಮ್ಮಟಕ್ಕೆ ನೌಶೀನ್‌ಗೆ ಕರೆ ಬಂದಿತ್ತು. ಕನ್ನಡ ನೋಡಿಕೊಳ್ಳಲು ಒಬ್ಬರು ಬೇಕೆಂದು ಹೇಳಿ ಅವಳು ನನ್ನನ್ನೂ ಸೇರಿಸಿದ್ದಳು.

ನಿಜ ಹೇಳಬೇಕೆಂದರೆ ನಾನು ಕನ್ನಡದ ಸೇವೆಗೆ ಹೋದವನಲ್ಲ. ನನ್ನ ಅಂಗಿಯ ಜೇಬಿನಲ್ಲಿ ಒಂದು ಪೆನ್ ಡ್ರೈವ್ ಇತ್ತು. ಅದರಲ್ಲಿ ಅಕ್ಕನ ದನಿ ಇತ್ತು. ಅಕ್ಕನ ಗಂಟಲಲ್ಲಿ ಅದು ಇರಲಿಲ್ಲ.

ಕುಮಟಾ, ಹೊರಡುವ ಮೊದಲು

ಅಕ್ಕ ಹೊಳನಗದ್ದೆಯ ಶಾಲೆಯಲ್ಲಿ ಒಂದನೇ ತರಗತಿಗೆ ಕಲಿಸಿ ನಿವೃತ್ತಳಾದವಳು. ಭಾವನ ಜತೆ ಕುಮಟಾ ಪೇಟೆಯಲ್ಲಿದ್ದಾಳೆ. ವೇಲ್ಸ್ ಪ್ರಯಾಣದ ವರ್ಷವೇ ಅವಳ ದನಿ ಒಡೆಯತೊಡಗಿತು. ಇಷ್ಟು ವರ್ಷ ಮಕ್ಕಳ ಮೇಲೆ ಕೂಗಿದ್ದಕ್ಕೆ ಎಂದುಕೊಂಡೆವು. ಮಂಗಳೂರಿನ ಡಾಕ್ಟರು ಗಡ್ಡೆ ಎಂದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಒಂದು ತಿಂಗಳೊಳಗೆ ಆಗಬೇಕು ಎಂದರು.

ನೌಶೀನ್‌ಗೆ ಫೋನಿನಲ್ಲಿ ಹೇಳಿದೆ. “ಸರ್, ದನಿ ಇರುವಾಗ್ಲೇ ತುಂಬಿ ಇಟ್ಕೊಳ್ಳಿ. ವಾಕ್ಯ ಓದಿಸಿ, ರೆಕಾರ್ಡ್ ಮಾಡಿ. ಆಮೇಲೆ ಅದೇ ದನಿಯಲ್ಲಿ ಯಂತ್ರ ಮಾತಾಡೂ ಹಾಗೆ ಮಾಡುವಾ” ಎಂದಳು.

ಒಂಬತ್ತು ದಿನ ಕೂತೆವು. ಆಟೋ ಹಾರ್ನು ಕೇಳದಂತೆ ಕಿಟಕಿಗೆ ಕಂಬಳಿ ಕಟ್ಟಿದೆವು. ಫ್ಯಾನ್ ಹಾಕುವಂತಿಲ್ಲ. ಬೆವರು ಸುರಿಯುತ್ತಿತ್ತು. ಓದಬೇಕಾದ ಆರುನೂರು ವಾಕ್ಯಗಳನ್ನು ನಾನೇ ಬರೆದಿದ್ದೆ. ಒಂದರಲ್ಲೂ ಕಾಗುಣಿತದ ತಪ್ಪಿಲ್ಲ, ಒಂದರಲ್ಲೂ ಆಡುಮಾತಿಲ್ಲ.

“ಯಾರು ಹಿಂಗೆ ಮಾತಾಡ್ತ ತಮಾ?” ಎಂದಳು ಅಕ್ಕ. “‘ದಯವಿಟ್ಟು ನನಗೆ ಸ್ವಲ್ಪ ನೀರನ್ನು ಕೊಡುವಿರಾ’ ಹೇಳಿ ನಿನ್ನ ಭಾವನ ಹತ್ರ ಕೇಳಿದ್ರೆ ಅಂವ ಹೆದ್ರಿ ಓಡ್ತ.”

“ಯಂತ್ರಕ್ಕೆ ಶುದ್ಧವಾಗಿಯೇ ಬೇಕು ಅಕ್ಕಾ. ಇದು ದಾಖಲೆ.”

“ಅಡ್ಡಿಲ್ಲೆ.”

ನಮ್ಮ ಕಡೆಯ ಹವ್ಯಕರ ಮನೆಮಾತು ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ನಾವು ‘ಇಲ್ಲ’ ಎನ್ನುವುದನ್ನು ‘ಇಲ್ಲೆ’ ಎನ್ನುತ್ತೇವೆ. ಅಡ್ಡಿ ಇಲ್ಲ ಎನ್ನುವುದು ನಮ್ಮಲ್ಲಿ ‘ಅಡ್ಡಿಲ್ಲೆ’. ಪಾಯಸ ಚೆನ್ನಾಗಿದ್ದರೂ ಅಡ್ಡಿಲ್ಲೆ, ಸಾರಿಗೆ ಉಪ್ಪು ಕಡಿಮೆಯಾದರೂ ಅಡ್ಡಿಲ್ಲೆ, ಜ್ವರ ಹೇಗಿದೆ ಎಂದರೂ ಅಡ್ಡಿಲ್ಲೆ. ಅಕ್ಕ ಹೇಳುತ್ತಿದ್ದ ಒಂದು ಕತೆಯಿದೆ. ಘಟ್ಟದ ಮೇಲಿನಿಂದ ಬಂದ ಶಾಲಾ ಇನ್ಸ್‌ಪೆಕ್ಟರು ಅವಳ ತರಗತಿಯ ಹುಡುಗಿಯೊಬ್ಬಳಿಗೆ “ನಿನ್ನ ಸ್ಲೇಟು ಎಲ್ಲಿ?” ಎಂದು ಕೇಳಿದರಂತೆ. ಅವಳು “ಇಲ್ಲೆ” ಎಂದಳಂತೆ. ಅವರು ‘ಇಲ್ಲೇ ಇದೆ’ ಎಂದು ತಿಳಿದು “ಹಾಗಾದರೆ ತೋರಿಸು” ಎಂದು ಕೈ ಚಾಚಿದರಂತೆ. ಹುಡುಗಿ “ಇಲ್ಲೆ, ಇಲ್ಲೆ” ಎನ್ನುತ್ತಲೇ ಅಳತೊಡಗಿದಳಂತೆ. ಈ ಕತೆಯನ್ನು ರೆಕಾರ್ಡಿಂಗಿನ ನಡುವೆಯೇ ಅಕ್ಕ ಇನ್ನೊಮ್ಮೆ ಹೇಳಿ ನಕ್ಕಳು. ನಕ್ಕರೆ ಅವಳಿಗೆ ಕೆಮ್ಮು ಬರುತ್ತಿತ್ತು.

ಒಂದೊಂದು ವಾಕ್ಯ ಮುಗಿದಾಗಲೂ ನಾನು “ಮತ್ತೊಂದ್ಸಲ ಓದ್ತ್ಯಾ?” ಎನ್ನುತ್ತಿದ್ದೆ. ಅವಳು “ಅಡ್ಡಿಲ್ಲೆ” ಎನ್ನುತ್ತಿದ್ದಳು. ಕೆಲವು ಸಲ ದಣಿದು, ಕೆಲವು ಸಲ ತಮಾಷೆಗೆ, ಕೊನೆಯ ದಿನಗಳಲ್ಲಿ ಬರೀ ಗಾಳಿಯಲ್ಲಿ.

ಆಪರೇಷನ್ ದಿನ ಬೆಳಿಗ್ಗೆ ಒಳಗೆ ಕರೆದೊಯ್ಯುವಾಗ “ಹೆದ್ರಿಕೆ ಆಗ್ತಾ ಅಕ್ಕಾ?” ಎಂದೆ. ಆಗಲೂ ಅದನ್ನೇ ಹೇಳಿದಳು. ಅದೇ ಕೊನೆಯ ಮಾತು. ಈಗ ಕುತ್ತಿಗೆಯಲ್ಲಿ ಮಾಡಿದ ತೂತಿನಿಂದ ಉಸಿರಾಡುತ್ತಾಳೆ. ಹೇಳಬೇಕಾದ್ದನ್ನು ಶಾಲೆಯ ಹಳೆಯ ಸ್ಲೇಟಿನ ಮೇಲೆ ಬರೆಯುತ್ತಾಳೆ.

ಕಡಲ ಬದಿಯ ಊರು

ನಾವು ಇಳಿದ ಊರಿನ ಹೆಸರನ್ನು ಬರೆಯುವುದಿಲ್ಲ. ಬರೆದರೆ ನೀವು ತಪ್ಪು ಓದುತ್ತೀರಿ. ನನಗೇ ಅದು ಸರಿಯಾಗಿ ಬಾಯಿಗೆ ಬಂದದ್ದು ವಾಪಸು ಹೊರಡುವ ದಿನ. ನಾಲಿಗೆಯನ್ನು ‘ಲ’ದ ಜಾಗದಲ್ಲಿಟ್ಟು ಎರಡೂ ಬದಿಯಿಂದ ಗಾಳಿ ಊದಬೇಕಾದ ಒಂದು ಅಕ್ಷರ ಅದರಲ್ಲಿದೆ.

ಅಲ್ಲಿಯೂ ಕಡಲು, ಅಲ್ಲಿಯೂ ಮಳೆ. ಆದರೆ ಅದು ನಮ್ಮ ಮಳೆಯಲ್ಲ. ನಮ್ಮಲ್ಲಿ ಮಳೆ ಜಗಳಕ್ಕೆ ಬಂದವರ ಹಾಗೆ ಬಂದು, ಬೈದು, ಹೋಗುತ್ತದೆ. ಅಲ್ಲಿಯದು ಗೊಣಗುತ್ತಲೇ ಇರುತ್ತದೆ, ಸುರಿಯುವುದೂ ಇಲ್ಲ, ನಿಲ್ಲುವುದೂ ಇಲ್ಲ. ಕಡಲು ಇಳಿದಾಗ ಮೈಲಿಗಟ್ಟಲೆ ಬೂದು ಕೆಸರು. ಹೊನ್ನಾವರದ ಸೇತುವೆಯಾಚೆಯ ಕಾಸರಕೋಡಿನಲ್ಲಿ ದೋಣಿ ಬರುವ ಹೊತ್ತಿಗೆ ಏಳುವ ಗದ್ದಲ, ಒಣಮೀನಿನ ವಾಸನೆ ಏನೂ ಇಲ್ಲ. ಮೀನು ತಿನ್ನದ ನಾನು ಆ ವಾಸನೆಗೆ ಮೂಗು ಮುಚ್ಚಿಕೊಂಡು ಸೇತುವೆ ದಾಟುತ್ತಿದ್ದವನು. ಅಲ್ಲಿ ನಿಂತು ಅದಕ್ಕಾಗಿ ಹಂಬಲಿಸಿದೆ.

ಎರಡನೇ ದಿನವೇ ಮರ್ಯಾದೆ ಹೋಯಿತು. ಬ್ರೆಡ್ಡು ತಿಂದು ಬಾಯಿ ಸಪ್ಪೆಯಾಗಿ, ನಾವು ಉಳಿದುಕೊಂಡಿದ್ದ ಮನೆಯ ಅಡುಗೆಕೋಣೆಯಲ್ಲಿ ಒಂದು ಸಾರು ಮಾಡಲು ಹೊರಟೆ. ಸಾಸಿವೆ ಸಿಡಿದು ಒಣಮೆಣಸು ಕಪ್ಪಾಗುವಷ್ಟರಲ್ಲಿ ಚಾವಣಿಯ ಬೆಂಕಿ ಗಂಟೆ ಕಿರುಚತೊಡಗಿತು. ಮನೆಯಲ್ಲಿದ್ದ ಹನ್ನೊಂದು ಜನ ಮಳೆಯಲ್ಲಿ ರಸ್ತೆಗೆ ಬಂದು ನಿಂತರು. ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಒಬ್ಬ ಅಜ್ಜಿ ಹತ್ತಿರ ಬಂದು “ಊಟ ಕೆಟ್ಟಿತೇನು?” ಎಂದು ಕೇಳಿದಳು, ಅಷ್ಟೇ.

ಆ ಜನಕ್ಕೆ ಇನ್ನೊಂದು ರೂಢಿಯಿದೆ. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಕೃತಜ್ಞತೆ ಹೇಳಿಯೇ ಇಳಿಯುತ್ತಾರೆ. ಕುಮಟಾ ಬಸ್ಸಿನಲ್ಲಿ ಹಾಗೆ ಮಾಡಿದರೆ ಡ್ರೈವರು ಚಿಲ್ಲರೆ ಬಾಕಿ ಇದೆಯೇನೋ ಎಂದು ಕಂಡಕ್ಟರನ್ನು ಕೂಗುತ್ತಾನೆ.

ಆದೇಶ ಸಂಧಿ

ಪ್ರಯೋಗಾಲಯ ಎಂದರೆ ನಾನು ದೊಡ್ಡದೇನನ್ನೋ ಎಣಿಸಿದ್ದೆ. ಅದು ಹಳೆಯ ಕಟ್ಟಡದ ಮೂರು ಕೋಣೆ. ಎಲೆರಿ ಎಂಬ ನಲವತ್ತರ ಹೆಂಗಸು ಅದರ ಯಜಮಾನಿ. ಮೊದಲು ಭೇಟಿಯಾದಾಗಲೇ ನಾನು ಗಡಿಯ ಫಲಕದ ತಪ್ಪನ್ನು ಅವಳ ಗಮನಕ್ಕೆ ತಂದೆ. ನೌಶೀನ್ ತಲೆ ತಗ್ಗಿಸಿ ಕೂತಳು.

ಎಲೆರಿ ನಗಲಿಲ್ಲ. ಹಲಗೆಯ ಮೇಲೆ ಬರೆದು ತೋರಿಸಿದಳು. ಅವರ ಭಾಷೆಯಲ್ಲಿ ಒಂದು ಪದ ಹಿಂದಿನ ಪದಕ್ಕೆ ತಾಗಿದರೆ ಅದರ ಮೊದಲ ಅಕ್ಷರ ಮೆತ್ತಗಾಗುತ್ತದೆ. ಕಮ್ರಿ ಹೋಗಿ ಗಮ್ರಿ. ಯಂತ್ರಕ್ಕೆ ಇದನ್ನು ಕಲಿಸುವಷ್ಟರಲ್ಲಿ ಸಾಕಾಯಿತು ಎಂದಳು. ಕ ಇದ್ದಲ್ಲಿ ಗ, ತ ಇದ್ದಲ್ಲಿ ದ, ಪ ಇದ್ದಲ್ಲಿ ಬ.

ನಾನು ಎದ್ದೇ ನಿಂತೆ. ಇದು ನಮ್ಮ ಆದೇಶ ಸಂಧಿ! ಎಂಟನೇ ತರಗತಿಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಬರೆದೆ. ಮಳೆ, ಕಾಲ, ಮಳೆಗಾಲ. ಬೆಟ್ಟ, ತಾವರೆ, ಬೆಟ್ಟದಾವರೆ. ಕಣ್, ಪನಿ, ಕಂಬನಿ. ಸಾವಿರಾರು ಮೈಲಿ ದೂರದ, ಯಾವ ನಂಟೂ ಇಲ್ಲದ ಎರಡು ಭಾಷೆಗಳ ನಾಲಿಗೆ ಒಂದೇ ಜಾಗದಲ್ಲಿ ಸೋಲುತ್ತಿತ್ತು. ಆ ಹತ್ತು ದಿನದಲ್ಲಿ ನಾನು ಸಂತೋಷವಾಗಿದ್ದದ್ದು ಆ ಅರ್ಧ ಗಂಟೆ ಮಾತ್ರ.

“ಕೊನೆಯ ಪದದ ಅರ್ಥವೇನು?” ಎಂದು ಎಲೆರಿ ಕೇಳಿದಳು. ಕಣ್ಣಿನ ಹನಿ ಎಂದೆ. ಅವಳು ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಇನ್ನೊಂದು ಹೋಲಿಕೆಯನ್ನು ನೌಶೀನ್ ಹುಡುಕಿದಳು. ಅವರಲ್ಲಿ ‘ಹೌದು’ ಎನ್ನಲು ಒಂದೇ ಪದವಿಲ್ಲವಂತೆ. ಕೇಳಿದ ಕ್ರಿಯಾಪದವನ್ನೇ ತಿರುಗಿಸಿ ಹೇಳಬೇಕು. “ನಮ್ದೂ ಹಾಂಗೇ ಅಲ್ವಾ ಸರ್? ಊಟ ಆತಾ ಕೇಳಿದ್ರೆ ಆತು. ಹೌದು ಅಂತ ಯಾರು ಹೇಳ್ತಾರೆ?”

ಪೆನ್ ಡ್ರೈವ್ ಕೊಟ್ಟೆ. ಎಲೆರಿ ನಾಲ್ಕಾರು ವಾಕ್ಯ ಕೇಳಿದಳು. ಇಷ್ಟು ಚೊಕ್ಕಟವಾದ ರೆಕಾರ್ಡಿಂಗನ್ನು ಮನೆಯಲ್ಲಿ ಮಾಡಿದವರನ್ನು ತಾನು ನೋಡಿಯೇ ಇಲ್ಲ ಎಂದಳು. ನನ್ನ ಎದೆ ಉಬ್ಬಿತು. ಹೊನ್ನಾವರದ ಮನೆಯಲ್ಲಿ ಹದಿನೈದು ದಿನ ಕೂತು ಒಂದೊಂದೇ ವಾಕ್ಯದ ಹಿಂದುಮುಂದಿನ ಕೆಮ್ಮು, ನಗೆ, ಹಾಳುಮಾತು ಎಲ್ಲವನ್ನೂ ಕತ್ತರಿಸಿದ್ದನ್ನು ವಿವರಿಸಿದೆ. ಅವಳು ಏನೋ ಕೇಳಲು ಹೊರಟವಳು ಮತ್ತೆ ಪರದೆಯತ್ತ ತಿರುಗಿದಳು.

ಗ್ವಿಲಿಮ್ ಮನೆ

ಭಾನುವಾರ ಎಲೆರಿ ನಮ್ಮನ್ನು ತನ್ನ ತಂದೆತಾಯಿಯ ಮನೆಗೆ ಊಟಕ್ಕೆ ಕರೆದೊಯ್ದಳು. ತಂದೆ ಗ್ವಿಲಿಮ್ ಬಸ್ ಡ್ರೈವರಾಗಿದ್ದವರು, ಊರಿನ ಚರ್ಚಿನ ಹಿರಿಯರು. ಅವರಿಗೂ ಅಕ್ಕನದೇ ಕಾಯಿಲೆ. ಆರು ವರ್ಷದ ಹಿಂದೆ ದನಿ ಹೋಯಿತು. ಕುತ್ತಿಗೆಗೆ ಕಟ್ಟಿದ ಕರವಸ್ತ್ರ ಉಸಿರಿಗೆ ತಕ್ಕಂತೆ ಅಲುಗುವುದನ್ನು ನೋಡಿ ನಾನು ಕಣ್ಣು ತಪ್ಪಿಸಿದೆ.

ಅವರ ಕೈಯಲ್ಲೊಂದು ಟ್ಯಾಬ್ಲೆಟ್, ಅಗಲವಾದ ಫಲಕ. ಬೆರಳಲ್ಲಿ ಒತ್ತಿದರೆ ವೇಲ್ಷ್‌ನಲ್ಲಿ ಮಾತಾಡುತ್ತದೆ. ಮಗಳೇ ಕಟ್ಟಿಕೊಟ್ಟ ದನಿ, ಅವರದೇ ದನಿ. ಗಂಭೀರವಾಗಿ, ತೂಗಿ ತೂಗಿ ಬರುತ್ತಿತ್ತು. ಅದು ಏನು ಹೇಳಿತೆಂದು ಎಲೆರಿಯನ್ನು ಕೇಳಿದೆ.

“ತಮಗೆ ಇನ್ನಷ್ಟು ಆಲೂಗಡ್ಡೆಯನ್ನು ನೀಡಲು ಅಪ್ಪಣೆಯೇ ಎಂದು ಕೇಳುತ್ತಿದ್ದಾರೆ.”

ಗ್ವಿಲಿಮ್ ಹೆಂಡತಿ ಚಮಚ ಕೆಳಗಿಟ್ಟಳು. “ಆರು ವರ್ಷದಿಂದ ನಾನು ಪಾದ್ರಿಯ ಜತೆ ಸಂಸಾರ ಮಾಡುತ್ತಿದ್ದೇನೆ” ಎಂದಳು. ಗ್ವಿಲಿಮ್ ಹೆಗಲು ಕುಣಿಸಿ ನಕ್ಕರು. ಶಬ್ದವಿಲ್ಲದ ನಗೆ. ಅವಳು ನಗಲಿಲ್ಲ.

ಆದದ್ದಿಷ್ಟು. ಮೈಕಿನ ಮುಂದೆ ಕೂತ ಕೂಡಲೇ ಗ್ವಿಲಿಮ್ ಚರ್ಚಿನಲ್ಲಿ ಓದುವ ದನಿಯಲ್ಲಿ ಓದಿದ್ದರು. ಮಗಳು ಕೊಟ್ಟ ವಾಕ್ಯಗಳೂ ಪುಸ್ತಕದವೇ. ಯಂತ್ರ ಕಲಿತದ್ದು ಅದನ್ನೇ. ಮನೆಯಲ್ಲಿ ಗೊಣಗುತ್ತಿದ್ದ, ಪೋಲಿ ಮಾತಾಡುತ್ತಿದ್ದ ಡ್ರೈವರನ್ನು ಅದು ಕಂಡೇ ಇರಲಿಲ್ಲ.

ಊಟದ ನಡುವೆ ಮನೆಯ ನಾಯಿ ಮೇಜಿನ ಮೇಲೆ ಮುಂಗಾಲಿಟ್ಟಿತು. ಗ್ವಿಲಿಮ್ ಫಲಕದಲ್ಲಿ ಏನೋ ಟೈಪ್ ಮಾಡಿದರು. ಕೆಳಗಿಳಿಯುವಂತೆ ಪಾದ್ರಿಯ ದನಿ ಆದೇಶಿಸಿತು. ನಾಯಿ ಕಿವಿಯನ್ನೂ ಅಲುಗಿಸಲಿಲ್ಲ. ಆಗ ಅವರು ಮೂಲೆಯಲ್ಲಿದ್ದ ಒಂದು ಕೆಂಪು ಗುಂಡಿಯನ್ನು ಒತ್ತಿದರು. ಒಂದು ಒರಟು, ಬಿಸಿಯಾದ, ಅರ್ಧ ನಗೆಯ ಕೂಗು ಹೊರಬಂತು. ನಾಯಿ ಬಾಲ ಮಡಚಿ ಮೇಜಿನಡಿ ಹೋಗಿ, ಗ್ವಿಲಿಮ್ ಪಾದದ ಮೇಲೆ ತಲೆಯಿಟ್ಟು ಮಲಗಿತು. ಅಡುಗೆಕೋಣೆಗೆ ಹೊರಟಿದ್ದ ಹೆಂಡತಿ ಬಾಗಿಲಲ್ಲೇ ಒಂದು ಕ್ಷಣ ನಿಂತಳು. ಆರು ವರ್ಷವಾದರೂ ಆ ಗುಂಡಿ ಒತ್ತಿದಾಗಲೆಲ್ಲ ಅವಳು ಹಾಗೆ ನಿಲ್ಲುತ್ತಾಳಂತೆ.

“ರೆಕಾರ್ಡ್ ಮಾಡುವಾಗ ನಾಯಿ ಒಳಗೆ ನುಗ್ಗಿತ್ತು. ಅಪ್ಪ ಬೈದಿದ್ದರು. ಕತ್ತರಿಸಿ ಎಸೆದ ತುಣುಕುಗಳಲ್ಲಿ ಅದೊಂದು ಹೇಗೋ ಉಳಿದಿತ್ತು” ಎಂದಳು ಎಲೆರಿ. “ಆಮೇಲಿಂದ ನಾವು ಯಾರಿಂದಲೂ ಬರೀ ಓದಿಸುವುದಿಲ್ಲ, ಮಾತಾಡಿಸುತ್ತೇವೆ. ನಡುವಿನದನ್ನು ಯಾವುದನ್ನೂ ಎಸೆಯುವುದಿಲ್ಲ. ನಿಮ್ಮ ಅಕ್ಕನ ನಡುವಿನ ತುಣುಕುಗಳು ಎಲ್ಲಿವೆ? ಮೊನ್ನೆಯೇ ಕೇಳಬೇಕೆಂದಿದ್ದೆ.”

 ಕತ್ತರಿಸಿದ್ದನ್ನೆಲ್ಲ ನಾನು ಒಂದು ಫೋಲ್ಡರಿಗೆ ಹಾಕಿದ್ದೆ. ಅದಕ್ಕೆ ‘ಕಸ’ ಎಂದು ಹೆಸರಿಟ್ಟಿದ್ದೆ. ಕೆಲಸ ಮುಗಿದ ದಿನ ಚೊಕ್ಕಟ ಮಾಡುವ ಹುರುಪಿನಲ್ಲಿ ಅದನ್ನು ಅಳಿಸಿದ್ದೆ. ಆರುನೂರು ವಾಕ್ಯ, ಆರುನೂರು ಅಡ್ಡಿಲ್ಲೆ. ದಣಿದ ಅಡ್ಡಿಲ್ಲೆ, ತಮಾಷೆಯ ಅಡ್ಡಿಲ್ಲೆ. ಸಾರು ಉಕ್ಕಿತೇನೋ ನೋಡು ಎಂದದ್ದು, ಇನ್ಸ್‌ಪೆಕ್ಟರ ಕತೆ, ನಗೆ. ಡಾಕ್ಟರು ತೆಗೆದದ್ದು ಪೆಟ್ಟಿಗೆಯನ್ನು ಮಾತ್ರ. ಅಕ್ಕನ ಮಾತನ್ನು ತೆಗೆದವನು ನಾನು.

“ಇಲ್ಲ” ಎಂದೆ ಎಲೆರಿಗೆ. 

ಕೊನೆಯ ದಿನಗಳು

ನೌಶೀನ್ ನನ್ನ ಫೋನನ್ನೆಲ್ಲ ಜಾಲಾಡಿದಳು. ಅಕ್ಕ ವಾಯ್ಸ್ ಮೆಸೇಜ್ ಕಳಿಸುವವಳಲ್ಲ, ಮಿಸ್ಡ್ ಕಾಲ್ ಕೊಡುವವಳು. ಸಿಕ್ಕಿದ್ದು ಎರಡು. ಒಂದರಲ್ಲಿ ಮಿಕ್ಸಿಯ ಅಬ್ಬರ. ಇನ್ನೊಂದರಲ್ಲಿ “ತಮಾ, ಬಪ್ಪಕಾದ್ರೆ ಇಂಗು...” ಎಂಬಷ್ಟೇ ಇತ್ತು. ಬರುವಾಗ ಇಂಗು ಏನು ಮಾಡಬೇಕು ಎಂಬುದಿಲ್ಲ.

“ಇಷ್ಟರಲ್ಲಿ ಎಂತ ಮಾಡುದು ಸರ್” ಎಂದಳು. ಆಮೇಲೆ ನನ್ನ ಮುಖ ನೋಡದೆ, “ನಾನೂ ಅಜ್ಜಿ ಹತ್ರ ‘ಸರಿಯಾಗಿ ಹೇಳು ಅಜ್ಜಿ, ಮಷೀನ್ ಕೇಳ್ತದೆ’ ಅಂತಿದ್ದೆ ಸರ್. ಇನ್ನು ಹೇಳೂದಿಲ್ಲ” ಎಂದಳು.

ಹೊರಡುವ ಹಿಂದಿನ ದಿನ ದನಿ ಸಿದ್ಧವಾಯಿತು. ಎಲೆರಿ ಹೆಡ್‌ಫೋನ್ ಕೊಟ್ಟಳು. ‘ನಾಳೆ ಬೆಳಿಗ್ಗೆ ಬೇಗನೆ ಏಳಬೇಕು’ ಎಂದು ಟೈಪ್ ಮಾಡಿದೆ. ಅಕ್ಕ ಮಾತಾಡಿದಳು. ಅದೇ ಗಂಟಲು, ಅದೇ ಮೂಗಿನ ಸಣ್ಣ ಎಳೆತ. ಮೊದಲ ಕ್ಷಣ ಅಕ್ಕನೇ ಎನಿಸಿತು. ಎರಡನೇ ವಾಕ್ಯಕ್ಕೆ ಗೊತ್ತಾಯಿತು, ಇವಳು ಆಕಾಶವಾಣಿಯಲ್ಲಿ ವಾರ್ತೆ ಓದುವ ಯಾರೋ. ‘ಅಡ್ಡಿಲ್ಲೆ’ ಎಂದು ಟೈಪ್ ಮಾಡಲು ಬೆರಳು ಎತ್ತಿದೆ. ಧೈರ್ಯವಾಗಲಿಲ್ಲ. ಹೆಡ್‌ಫೋನ್ ತೆಗೆದಿಟ್ಟು, ಹೊರಗೆ ಹೋಗಿ, ಗೊಣಗುವ ಮಳೆಯಲ್ಲಿ ನಿಂತು ಅತ್ತೆ.

ಕುಮಟಾ

ಅಕ್ಕ ಸ್ಲೇಟಿನಲ್ಲಿ ಬರೆದು ಕೇಳಿದ ಮೊದಲ ಪ್ರಶ್ನೆ, ‘ಅಲ್ಲಿ ಊಟಕ್ಕೆ ಎಂತ ಇತ್ತು?’ ಬೆಂಕಿ ಗಂಟೆಯ ಕತೆ ಹೇಳಿದೆ. ಹೆಗಲು ಕುಣಿಸಿ ನಕ್ಕಳು. ಅದೇ ಶಬ್ದವಿಲ್ಲದ ನಗೆ, ಗ್ವಿಲಿಮ್‌ದು.

ದನಿ ತುಂಬಿದ್ದ ಫೋನನ್ನು ಅವಳ ಕೈಗಿತ್ತೆ. ಹೇಗೆ ಒತ್ತಬೇಕೆಂದು ತೋರಿಸಿದೆ. ಅವಳು ಸ್ವಲ್ಪ ಯೋಚಿಸಿ, ನನ್ನತ್ತ ಓರೆಗಣ್ಣಲ್ಲಿ ನೋಡಿ, ನಿಧಾನವಾಗಿ ಟೈಪ್ ಮಾಡಿದಳು.

“ದಯವಿಟ್ಟು ನನಗೆ ಸ್ವಲ್ಪ ನೀರನ್ನು ಕೊಡುವಿರಾ” ಎಂದಿತು ಫೋನು.

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಭಾವ ಓಡಿ ಬಂದರು. “ಯಾರು? ಯಾರು ಮಾತಾಡಿದ್ದು?” ಫೋನು ನೋಡಿದರು, ಅಕ್ಕನನ್ನು ನೋಡಿದರು. ಕೈಯಲ್ಲಿ ನೀರು ಇರಲಿಲ್ಲ. “ಹಾಂ, ನೀರು ತಂದೆ, ತಂದೆ” ಎನ್ನುತ್ತ ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ಆಗ ನನಗೆ ತಡೆಯಲಾಗಲಿಲ್ಲ. “ಅಕ್ಕಾ, ನೀನು ನಡುನಡುವೆ ಮಾತಾಡಿದ್ದೆಲ್ಲ ಇತ್ತು. ನಗೆಯೂ ಇತ್ತು. ನಾನೇ ಕಸ ಹೇಳಿ ಕತ್ತರಿಸಿ ಬಿಸಾಕಿದಿ. ಒಂದೂ ಉಳಿದ್ದಿಲ್ಲೆ” ಎಂದೆ. ಅರವತ್ತರ ಹತ್ತಿರದ ಮನುಷ್ಯ ಅವಳ ತರಗತಿಯ ಮಗುವಿನ ಹಾಗೆ ನಿಂತಿದ್ದೆ.

ಅಕ್ಕ ಸ್ಲೇಟನ್ನು ಮುಟ್ಟಲಿಲ್ಲ. ಫೋನನ್ನೇ ಎತ್ತಿಕೊಂಡಳು. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದಳು. ಅವಳು ಏನು ಬರೆಯುತ್ತಿದ್ದಾಳೆಂದು ನನಗೆ ಮೊದಲ ಅಕ್ಷರಕ್ಕೇ ಗೊತ್ತಾಯಿತು. ತಡೆಯಬೇಕೆನಿಸಿತು.

ಆ ಪದವನ್ನು ಯಂತ್ರ ಒಮ್ಮೆಯೂ ಕೇಳಿರಲಿಲ್ಲ. ಕೇಳದಂತೆ ನಾನೇ ನೋಡಿಕೊಂಡಿದ್ದೆ. ಅದು ಆ ಪದವನ್ನು ತನಗೆ ಗೊತ್ತಿದ್ದ ಎರಡು ಪದಗಳಾಗಿ ಮುರಿಯಿತು. ಕೊನೆಯನ್ನು ಎಳೆದು, ಅಕ್ಕನ ಗಂಟಲಿನಲ್ಲಿ, ವಾರ್ತೆ ಓದುವಷ್ಟು ಸ್ಪಷ್ಟವಾಗಿ ಹೇಳಿತು.

“ಅಡ್ಡಿ ಇಲ್ಲೇ.”

ನಾನು ಫೋನಿಗೆ ಕೈ ಚಾಚಿದೆ. ಅಕ್ಕ ಕೊಡಲಿಲ್ಲ. ಇನ್ನೊಮ್ಮೆ ಒತ್ತಿದಳು. ಇನ್ನೊಮ್ಮೆ ಕೇಳಿದಳು. ಅಡ್ಡಿ ಇಲ್ಲ ಎಂದದ್ದು ಅಡ್ಡಿ ಇಲ್ಲೇ ಇದೆ ಎಂದಾಗಿತ್ತು. ಅವಳಿಗೆ ಸ್ಲೇಟಿನ ಹುಡುಗಿ ನೆನಪಾಗಿರಬೇಕು, ತುಟಿ ಅಗಲವಾಯಿತು. ಆಮೇಲೆ ಕುತ್ತಿಗೆಯ ಕರವಸ್ತ್ರವನ್ನು ಸರಿಸಿ, ಆ ತೂತಿನ ಮೇಲೆ ಬೆರಳಿಟ್ಟು, ಹೌದೆನ್ನುವಂತೆ ತಲೆಯಾಡಿಸಿದಳು.

ಅವಳು ತೋರಿಸಿದ್ದು ತನ್ನ ಗಂಟಲನ್ನು. ಫೋನು ಮಾತ್ರ ನನ್ನ ಕಡೆಗೇ ಮುಖ ಮಾಡಿಕೊಂಡಿತ್ತು. ಇಪ್ಪತ್ತೆಂಟು ವರ್ಷ ಎಲ್ಲರ ಮಾತನ್ನೂ ತಿದ್ದಿದ ನನಗೆ ಅದು ಹೇಳಿದ್ದರಲ್ಲಿ ತಿದ್ದುವಂಥ ತಪ್ಪೇನೂ ಸಿಗಲಿಲ್ಲ.